ಮಣ್ಣು ವಾಪಸು ಕೇಳಿದ ಶಂಕರಲಿಂಗಪ್ಪ

ಮಧುಗಿರಿಯ ಬಾವಿಗಳಲ್ಲಿ ನೀರು ಎಷ್ಟು ಕೆಳಗಿಳಿದಿದೆ ಎಂದು ತಿಳಿಯಬೇಕಾದರೆ ಬಾವಿಗಳನ್ನು ಇಣುಕಿ ನೋಡಬೇಕಾಗಿರಲಿಲ್ಲ. ಹಗ್ಗದಂಗಡಿ ಶಂಕರಲಿಂಗಪ್ಪನ ಮುಖ ನೋಡಿದರೆ ಸಾಕಿತ್ತು. ಸೇದುವ ಹಗ್ಗ ಸಾಲದಾದಾಗ ಜನ ಅವನ ಅಂಗಡಿಗೇ ಬರಬೇಕು. ಅವನು ಎರಡೂ ಕೈ ಚಾಚಿ, ಎದೆಯ ಮೇಲೆ ಹಗ್ಗ ಎಳೆದೆಳೆದು ಮಾರು ಲೆಕ್ಕದಲ್ಲಿ ಅಳೆದು ಕೊಡಬೇಕು. ಆಳು ಕುಳ್ಳ. ‘ಸಾವ್ಕಾರ್ರ ಮಾರು ನಮ್ಮ ಮೊಳದಷ್ಟೇ ಐತೆ’ ಎಂದು ಗಿರಾಕಿಗಳು ಕಿಚಾಯಿಸಿದರೆ ಒಂದಿಷ್ಟು ಮೇಲೆ ಸೇರಿಸಿ ಕತ್ತರಿಸುತ್ತಿದ್ದ. ಬೇರೆ ವ್ಯಾಪಾರಿಗಳು ವ್ಯಾಪಾರ ಕುದುರಿದರೆ ಬೀಗುತ್ತಾರೆ. ಇವನು ಉದ್ದದ ಹಗ್ಗ ಮಾರಿದ ದಿನ ಮಂಕಾಗಿ ಮನೆಗೆ ಬಂದು, ‘ಇವತ್ತು ನಮ್ ಬೀದಿ ಕಮಲಾಕ್ಷಮ್ಮನ ಮನೆಯೋರೂ ಬಂದಿದ್ರು ಕಣೆ’ ಎಂದು ಹೆಂಡತಿ ನಾಗರತ್ನಮ್ಮನಿಗೆ ಹೇಳಿ ಊಟಕ್ಕೆ ಕೂರುತ್ತಿದ್ದ.

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯೊಂದು ಅವನ ಅಂಗಡಿಯ ಜಂತಿಯಲ್ಲಿ ನೇತಾಡುತ್ತಿತ್ತು. ಕೇಳಿದವರಿಗೆಲ್ಲ ಅದನ್ನು ಬಿಟ್ಟಿಯಾಗಿ ಕೊಡುತ್ತಿದ್ದ. ಕೇಳಿದವರಿಗೆ ಇಲ್ಲ ಅನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಊರು ಅದನ್ನು ಒಳ್ಳೆಯ ಗುಣ ಎಂದಿತು. ಇರಬಹುದು. ಆದರೆ ಕೇಳಿದ ಕೂಡಲೇ ಕೊಟ್ಟುಬಿಡುವುದರಲ್ಲಿ ಒಂದು ಸುಖವಿದೆ, ಆ ಸುಖದ ರುಚಿ ಅವನಿಗೆ ಚೆನ್ನಾಗಿಯೇ ಹತ್ತಿತ್ತು.

ಅವನ ಮನೆಯ ಹಿತ್ತಿಲಿಗೆ ಅಂಟಿಕೊಂಡಂತೆ, ಬೆಟ್ಟದ ಬುಡದಲ್ಲಿ, ಸೂಲಗಿತ್ತಿ ಕಟ್ಟೆ ಎಂಬ ನೀರಿನ ಕಟ್ಟೆ ಇತ್ತು. ಯಾವ ಕಾಲದ ಯಾವ ಸೂಲಗಿತ್ತಿ ಅದನ್ನು ತೋಡಿಸಿದಳೋ ಹೇಳುವವರಿಲ್ಲ. ಮಳೆ ಹೊಯ್ದರೆ ಬೆಟ್ಟದ ಬರಿಬಂಡೆಯ ಮೇಲಿನ ನೀರೆಲ್ಲ ಧೋ ಎಂದು ಇಳಿದು ಅದರಲ್ಲಿ ನಿಲ್ಲುತ್ತಿತ್ತು. ಕಟ್ಟೆಯಲ್ಲಿ ನೀರು ನಿಂತಿರುವಷ್ಟು ದಿನ ಬೀದಿಯ ಸೇದೋ ಬಾವಿಗಳಲ್ಲೂ ನೀರು ಕೈಗೆ ಸಿಗುವಂತಿರುತ್ತಿತ್ತು. ಒಂದು ಮೂಲೆಯಲ್ಲಿ ಆಳೆತ್ತರದ ಜೊಂಡು. ಅದರೊಳಗೆ ಹಣೆಗೆ ಕುಂಕುಮ ಇಟ್ಟಂತಿರುವ ಕಪ್ಪು ನೀರುಕೋಳಿಗಳ ಸಂಸಾರ. ಮಧ್ಯಾಹ್ನ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಏರಿಯ ಮೇಲೆ ನಿಂತು, ತಾಯಿಕೋಳಿಯ ಹಿಂದೆ ಮಸಿ ಉಂಡೆಗಳ ಹಾಗೆ ತೇಲಿಬರುವ ಮರಿಗಳನ್ನು ನೋಡದೆ ಅವನು ಅಂಗಡಿಗೆ ವಾಪಸು ಹೋದದ್ದಿಲ್ಲ. ಮಕ್ಕಳನ್ನೆಲ್ಲ ಮದುವೆ ಮಾಡಿ ಕಳಿಸಿದ ಮೇಲೆ ಗಂಡಹೆಂಡಿರಿಗೆ ಮಾತಾಡಲು ಉಳಿದ ವಿಷಯಗಳಲ್ಲಿ ಆ ನೀರುಕೋಳಿಗಳೂ ಒಂದು.

ಎಪ್ಪತ್ತೆರಡರ ಬರ ಕಟ್ಟೆಯನ್ನು ಒಣಗಿಸಿತು. ಬರಕ್ಕೆ ಮುಂಚೆಯೂ ಅದರಲ್ಲಿ ನೀರು ಹೆಚ್ಚು ನಿಲ್ಲುತ್ತಿರಲಿಲ್ಲ. ಬೆಟ್ಟದಿಂದ ಬಂದ ಹೂಳು ತುಂಬಿ ತುಂಬಿ ಕಟ್ಟೆ ತಟ್ಟೆಯಷ್ಟು ಆಳಕ್ಕೆ ಬಂದಿತ್ತು. ಆ ಬೇಸಿಗೆ ಬೀದಿಯ ಹೆಂಗಸರು ಬಿಂದಿಗೆ ಹೊತ್ತು ದೂರದ ತೋಟಗಳಿಗೆ ಅಲೆದರು. ಅವರ ಜೊತೆ ನಾಗರತ್ನಮ್ಮನೂ ಹೋಗಿ, ಒಮ್ಮೆ ಕಾಲು ಉಳುಕಿ ದಾರಿಯಲ್ಲೇ ಕೂತುಬಿಟ್ಟಳು. ಅಂದು ಸಂಜೆ ಅವಳ ಪಾದಕ್ಕೆ ಎಣ್ಣೆ ತಿಕ್ಕುತ್ತಾ ಶಂಕರಲಿಂಗಪ್ಪ ನಿಶ್ಚಯ ಮಾಡಿದ. ಕಟ್ಟೆಯ ಹೂಳೆತ್ತಬೇಕು. ಬೇಸಿಗೆ ಮುಗಿಯುವ ತನಕ ಅದರಲ್ಲಿ ನೀರಿರಬೇಕು, ಬೀದಿಯ ಬಾವಿ ಬತ್ತಬಾರದು, ನೀರುಕೋಳಿ ವಾಪಸು ಬರಬೇಕು. ಅವನ ಬದುಕಿನಲ್ಲಿ ಅವನು ಹಟ ಹಿಡಿದು ಬೇಡಿದ್ದು ಇಷ್ಟೇ.

ಕೂಲಿ ಕೊಟ್ಟು ಅಗೆಸುವ ತಾಕತ್ತು ಅವನಿಗೆಲ್ಲಿಂದ ಬರಬೇಕು? ಹಾಗಾಗಿ ಊರಿಗೆಲ್ಲ ಒಂದು ಮಾತು ಸಾರಿದ: ಅಗೆದವರದೇ ಮಣ್ಣು. ಯಾರು ಬೇಕಾದರೂ ಬರಲಿ, ಎಷ್ಟು ಬೇಕಾದರೂ ಒಯ್ಯಲಿ. ಅಂಗಡಿಯ ಗುದ್ದಲಿ, ಪಿಕಾಸಿ, ಮಂಕರಿಗಳನ್ನೆಲ್ಲ ತಂದು ಏರಿಯ ಮೇಲೆ ಸುರಿದ. ನಾಗರತ್ನಮ್ಮ ಬೇಲದ ಹಣ್ಣಿನ ಪಾನಕ ಮಾಡಿ ಇಟ್ಟಳು. ಮೊದಲು ರೈತರು ಗಾಡಿ ಕಟ್ಟಿಕೊಂಡು ಬಂದರು. ಕಟ್ಟೆಯ ಕೆಳಗಡೆ ಹೊಲವಿದ್ದ ಗಂಗಹನುಮಯ್ಯನಂತೂ ಎರಡು ಜೊತೆ ಎತ್ತು ತಂದ. ಹೂಳೆಲ್ಲ ಹೊಲಗಳಿಗೆ ಹೋಯಿತು. ಜನ ಅವನನ್ನು ಕಟ್ಟೆ ಶಂಕರಲಿಂಗಪ್ಪ ಎಂದು ಕರೆಯತೊಡಗಿದರು. ಏರಿಯ ಮೇಲೆ ಕೊಡೆ ಹಿಡಿದು ನಿಂತು, ‘ತಕ್ಕೊಂಡ್ ಹೋಗಿ, ತಕ್ಕೊಂಡ್ ಹೋಗಿ’ ಎನ್ನುತ್ತಿದ್ದ ಆ ಕುಳ್ಳ ಮನುಷ್ಯ ಆ ತಿಂಗಳು ನಿಜಕ್ಕೂ ಒಂದು ಗೇಣು ಬೆಳೆದಿದ್ದ.

ಹೂಳು ಮುಗಿದು ಅದರಡಿಯ ಜೇಡಿಮಣ್ಣು ಕಂಡಾಗ ನಿಲ್ಲಿಸಬೇಕಿತ್ತು. ನಿಲ್ಲಿಸಿ ಎಂದು ಹೇಳುವವರು ಯಾರೂ ಇರಲಿಲ್ಲ, ಹೇಳುವ ಜಾಗದಲ್ಲಿ ನಿಂತಿದ್ದವನಿಗೆ ಗೊತ್ತಿರಲಿಲ್ಲ. ಕಪ್ಪಗೆ, ನೀಲಿ ಛಾಯೆಯ, ಬೆಣ್ಣೆಯಂಥ ಮಣ್ಣು. ಗುದ್ದಲಿಗೆ ಅಂಟಿದರೆ ಕೆರೆದು ತೆಗೆಯಬೇಕು. ಸುದ್ದಿ ಕೇಳಿ ಪೇಟೆಯ ಹೆಂಗಸರು ಬುಟ್ಟಿ ಹಿಡಿದು ಬಂದರು. ಒಲೆಗೆ, ಗೋಡೆಗೆ, ರಾಗಿ ತುಂಬುವ ವಾಡೆಗೆ ಅಂಥ ಮಣ್ಣು ಬೇರೆಲ್ಲೂ ಸಿಗುವುದಿಲ್ಲ. ಕಮಲಾಕ್ಷಮ್ಮ ಮನೆಗೆ ಇನ್ನೊಂದು ಕೋಣೆಯನ್ನೇ ಎಬ್ಬಿಸಿದಳು. ನಾಗರತ್ನಮ್ಮನಿಗೂ ಆಸೆಯಾಯಿತು. ಅವಳ ಅಡುಗೆಮನೆಯ ಹಿಂಗೋಡೆ ಯಾವುದೋ ಮಳೆಗೆ ಕುಸಿದುಹೋಗಿ, ವರ್ಷಗಳಿಂದ ಅಲ್ಲೊಂದು ಗರಿಯ ತಡಿಕೆ ನಿಂತಿತ್ತು. ಗಾಳಿ ಬೀಸಿದರೆ ಒಲೆ ಆರುತ್ತಿತ್ತು, ನಾಯಿ ನುಗ್ಗುತ್ತಿತ್ತು. ಈಗ ಕಟ್ಟೆಯ ಮಣ್ಣಿನಲ್ಲಿ ಗಟ್ಟಿ ಗೋಡೆ ಎದ್ದಿತು. ಅದಕ್ಕೆ ಸುಣ್ಣ ಬಳಿದ ದಿನ ಅವಳು ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿದ್ದಳು.

ಜೊಂಡಿನ ಮೂಲೆಯನ್ನು ಮುಟ್ಟುವುದಿಲ್ಲ ಎಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಕೊನೆಯ ದಿನ ಗಂಗಹನುಮಯ್ಯ ಬಂದು ತಲೆ ಕೆರೆದುಕೊಂಡ. ‘ಸಾವ್ಕಾರ್ರೆ, ಜೊಂಡಿನ ಬುಡದಾಗೇ ಒಳ್ಳೆ ಮಣ್ಣಿರೋದು. ಇನ್ನೊಂದು ನಾಕು ಗಾಡಿ ಆಗ್ಬುಡ್ತದೆ. ನೀವು ಬ್ಯಾಡ ಅಂದ್ರೆ ಬ್ಯಾಡ.’

ಅಷ್ಟು ಜನರ ಎದುರಿಗೆ, ಅಷ್ಟು ವಿನಯದಿಂದ ಕೇಳಿದರೆ ಶಂಕರಲಿಂಗಪ್ಪ ಇಲ್ಲ ಅನ್ನುತ್ತಾನೆಯೇ? ‘ಜೊಂಡಿಗೇನು, ನೀರು ಬಂದ್ರೆ ತಾನೇ ಬೆಳೀತದೆ’ ಎಂದುಬಿಟ್ಟ.

ಕೊನೆಗೆ ತಳದಲ್ಲಿ ಬಿಳಿಯ ಗರಸು ಹೊಳೆಯಿತು. ಕಲ್ಲುಕಲ್ಲಾದ, ಬೆರಳಿಟ್ಟರೆ ಪುಡಿಯಾಗುವ ಗರಸು. ಕಟ್ಟೆ ಎಷ್ಟು ಆಳವಾಗಿದೆ, ಎಷ್ಟು ಚೊಕ್ಕಟವಾಗಿದೆ ಎಂದು ಅವನಿಗೆ ಹಿಗ್ಗು. ಆ ಚೊಕ್ಕಟತನ ಕೆಡಬಾರದೆಂದು ಸುತ್ತ ಜಾಲಿಮುಳ್ಳಿನ ಬೇಲಿಯನ್ನೂ ಹಾಕಿಸಿದ.

ಬೇಲಿಯ ಆಚೆ ಬಂದು ನಿಂತವನು ಯತ್ತಪ್ಪ. ಊರಾಚೆಯ ಗೊಲ್ಲರಹಟ್ಟಿಯವನು, ಕುರಿ ಕಾಯುವವನು. ಅವನ ಅಪ್ಪ, ಅಜ್ಜ ಎಲ್ಲ ಆ ಕಟ್ಟೆಯಲ್ಲೇ ಕುರಿಗೆ ನೀರು ಕುಡಿಸಿದವರು. ದಿನಾ ನೂರಾರು ಕುರಿ ಇಳಿದು, ಕುಡಿದು, ಕೆಸರು ತುಳಿದು ಹತ್ತುತ್ತಿದ್ದವು.

‘ಲೇ ಯತ್ತಪ್ಪ, ಇನ್ಮೇಲೆ ಕುರಿ ಇಲ್ಗೆ ಹೊಡ್ಕೊಂಡ್ ಬರ್ಬ್ಯಾಡ. ಹಿಕ್ಕೆ ಹಾಕ್ತವೆ, ನೀರು ರಾಡಿ ಮಾಡ್ತವೆ. ಹಕ್ಕಿಗಳೂ ಬೆದರ್ತವೆ.’

‘ತಲೆತಲಾಂತರದಿಂದ ಕುಡೀತಿದ್ವಲ್ಲಾ ಸಾವ್ಕಾರ್ರೆ, ಹಕ್ಕಿ ಯಾವತ್ತು ಬೆದರ್ಯವೆ?’

‘ಈಗ ಹಂಗಲ್ಲ. ಊರೋರೆಲ್ಲ ಸೇರಿ ಕ್ಲೀನ್ ಮಾಡಿದೀವಿ.’

ಯತ್ತಪ್ಪ ಬೇಲಿಯ ಸಂದಿಯಲ್ಲಿ ಕೆಳಗೆ ನೋಡಿದ. ‘ಕೆಸರೇ ಇಲ್ವಲ್ಲ. ಕಾಲೇ ಜಾರಕ್ಕಿಲ್ಲ ಈಗ’ ಎಂದ. ಶಂಕರಲಿಂಗಪ್ಪ ಅದನ್ನು ಹೊಗಳಿಕೆ ಅಂದುಕೊಂಡ. ಯತ್ತಪ್ಪ ಕುರಿಗಳನ್ನು ತಿರುಗಿಸಿಕೊಂಡು ಹೋದ. ಊರಿನ ಯಾರಿಗೂ ಇಲ್ಲ ಎನ್ನದ ಮನುಷ್ಯ ಆ ಬೇಸಿಗೆಯಲ್ಲಿ ಇಲ್ಲ ಎಂದದ್ದು ಅವನೊಬ್ಬನಿಗೆ.

ಮಳೆ ಬಂತು. ಬೆಟ್ಟಕ್ಕೆ ಬೆಳ್ಳಿ ಬಳಿದಂತಾಯಿತು. ಕಟ್ಟೆ ಏರಿ ಮಟ್ಟ ತುಂಬಿತು. ಜನ ಬಾಗಿನ ಬಿಟ್ಟರು, ಶಂಕರಲಿಂಗಪ್ಪನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಅವನು ಅಂದು ಕಣ್ಣೀರು ಹಾಕಿದ್ದನ್ನು ಕಂಡವರಿದ್ದಾರೆ. ಅವನು ಅಷ್ಟು ಸಂತೋಷಪಟ್ಟ ದಿನ ಅದೇ ಕೊನೆಯದು.

ವಾರ ಕಳೆಯುವುದರೊಳಗೆ ನೀರಿನ ಗುರುತು ಏರಿಯಿಂದ ಕೆಳಗಿಳಿದಿತ್ತು. ಬಿಸಿಲಿಗೆ ಆರಿರಬೇಕು ಎಂದರು. ಇನ್ನೊಂದು ವಾರಕ್ಕೆ ಇನ್ನಷ್ಟು. ಯಾರೋ ಪೀಪಾಯಿ ಗಾಡಿಯಲ್ಲಿ ಕದ್ದು ಒಯ್ಯುತ್ತಿದ್ದಾರೆ ಎಂದು ಅನುಮಾನ ಬಂದು, ಅಂಗಡಿ ಮುಚ್ಚಿ ಅವನೇ ಏರಿಯ ಮೇಲೆ ಕಾವಲು ಕೂತ. ಕಳ್ಳ ಯಾರೂ ಬರಲಿಲ್ಲ. ಅವನ ಕಣ್ಣೆದುರಿಗೇ ನೀರು ಇಳಿಯಿತು. ದೀಪಾವಳಿಯ ಹೊತ್ತಿಗೆ ಕಟ್ಟೆಯ ತಳದ ಗರಸು ಮತ್ತೆ ಬಿಳಿಯಾಗಿ ಕಂಡಿತು. ನೀರುಕೋಳಿ ಬರಲೇ ಇಲ್ಲ. ಬೀದಿಯ ಬಾವಿಗಳು, ಬರದ ವರ್ಷದಲ್ಲಿ ಬತ್ತಿದ್ದಕ್ಕಿಂತಲೂ ಬೇಗ, ಪಾತಾಳ ಕಂಡವು. ಕಮಲಾಕ್ಷಮ್ಮ ಉದ್ದದ ಹಗ್ಗ ಕೇಳಿಕೊಂಡು ಬಂದಾಗ ಅವನು ಮಾರು ಹಾಕಲು ಕೈ ಚಾಚಿದವನು ಹಾಗೇ ನಿಂತುಬಿಟ್ಟ.

ಕೆಳಗಡೆ ಗಂಗಹನುಮಯ್ಯನ ಹೊಲದ ಬಾವಿಯಲ್ಲಿ ಮಾತ್ರ ಆ ವರ್ಷ ನೀರು ಉಕ್ಕಿ ಬಂದಿತ್ತು. ಅವನು ಅದನ್ನೇನೂ ಮುಚ್ಚಿಡಲಿಲ್ಲ. ದೇವರು ಕಣ್ಣು ಬಿಟ್ಟ ಎಂದು ಪಂಪ್‌ಸೆಟ್ಟು ಹಾಕಿಸಿ ಬತ್ತ ನಾಟಿ ಮಾಡಿದ.

ಯಾಕೆ ಹೀಗಾಯಿತು ಎಂಬುದು ಶಂಕರಲಿಂಗಪ್ಪನಿಗೆ ತಿಳಿದದ್ದು ತನ್ನ ಹಿತ್ತಿಲಿನಲ್ಲಿ. ಗೋಡೆ ಎಬ್ಬಿಸಿ ಉಳಿದ ಜೇಡಿಮಣ್ಣಿನ ಗುಡ್ಡೆಯೊಂದು ಬಚ್ಚಲ ಪಕ್ಕ ಬಿದ್ದಿತ್ತು. ಮಣ್ಣು ತುಳಿಯುವಾಗ ಆಳಿನ ಹೆಜ್ಜೆ ಹೂತು ಅದರಲ್ಲೊಂದು ಗುಳಿಯಾಗಿತ್ತು. ಮಳೆ ನಿಂತು ಎಷ್ಟೋ ದಿನವಾಗಿತ್ತು. ಕಟ್ಟೆಯಲ್ಲಿ ಹನಿ ನೀರಿಲ್ಲ. ಆ ಗುಳಿಯಲ್ಲಿ ಮಾತ್ರ ಮಳೆಯ ನೀರು ಕನ್ನಡಿಯಂತೆ ನಿಂತಿತ್ತು, ಎರಡು ಗುಬ್ಬಿಗಳು ಅದರಲ್ಲಿ ಮೈ ತೊಳೆಯುತ್ತಿದ್ದವು. ಹಲ್ಲುಜ್ಜುತ್ತಿದ್ದ ಶಂಕರಲಿಂಗಪ್ಪ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಅಲ್ಲೇ ನೆಲದ ಮೇಲೆ ಕುಸಿದು ಕೂತ.

‘ಏನಾಯ್ತುರೀ?’ ಎಂದು ನಾಗರತ್ನಮ್ಮ ಓಡಿ ಬಂದಳು.

‘ನೀರು ಹಿಡ್ಕೊಂಡಿದ್ದು ಈ ಮಣ್ಣೇ ಕಣೆ. ನಾನೇ ನಿಂತು ಊರಿಗೆಲ್ಲ ಹಂಚಿಬುಟ್ಟೆ. ಕುರಿಗಳು ತುಳಿದು ತುಳಿದು ಗಟ್ಟಿ ಮಾಡಿದ್ದ ಮಣ್ಣು. ಅವನ್ನೂ ಓಡಿಸಿಬುಟ್ಟೆ.’

ಅವಳು ಪಕ್ಕದಲ್ಲಿ ಕೂತು ಅವನ ಬಾಯಿಂದ ಬೇವಿನ ಕಡ್ಡಿ ತೆಗೆದಳು.

ಮರುದಿನದಿಂದ ಶಂಕರಲಿಂಗಪ್ಪ ಮನೆಮನೆಗೆ ಹೋಗಿ ಮಣ್ಣು ವಾಪಸು ಕೇಳತೊಡಗಿದ. ನಗಬೇಡಿ; ಊರು ಸಾಕಷ್ಟು ನಕ್ಕಿದೆ. ಗಂಗಹನುಮಯ್ಯ ಬದುವಿನ ಮೇಲೆ ನಿಂತು ಕೈ ಬೀಸಿ ಬತ್ತದ ಗದ್ದೆ ತೋರಿಸಿದ: ‘ಎಲ್ಲಿ ಅಂತ ಹುಡುಕ್ಲಿ ಸಾವ್ಕಾರ್ರೆ? ಮಣ್ಣೊಳಗೆ ಮಣ್ಣು ಸೇರ್ಕಂಬುಟ್ಟೈತೆ.’ ಕಮಲಾಕ್ಷಮ್ಮ ತಾನು ಎಬ್ಬಿಸಿದ ಕೋಣೆಯ ಬಾಗಿಲಲ್ಲಿ ನಿಂತು, ‘ಸೊಸೆ ಬಾಣಂತಿ ಅದಾಳೆ ಒಳಗೆ. ಗೋಡೆ ಕೆಡವ್ಲಾ?’ ಎಂದಳು. ಅವನು ಕೈ ಮುಗಿದು ಇಳಿದು ಬಂದ. ವಾಡೆಗಳಲ್ಲಿ ರಾಗಿ ತುಂಬಿತ್ತು, ಒಲೆಗಳು ಸುಟ್ಟು ಕೆಂಪಾಗಿದ್ದವು. ಆಮೇಲಾಮೇಲೆ ಅವನು ಬೀದಿಗೆ ಕಾಲಿಟ್ಟರೆ, ‘ಶಂಕರಲಿಂಗಪ್ಪ ಬಂದ, ಒಲೆ ಮುಚ್ಚಿಡ್ರೇ’ ಎಂದು ಹೆಂಗಸರು ಕೂಗಿ ನಗುತ್ತಿದ್ದರು. ಹಾರ ಹಾಕಿದ್ದೂ ಅದೇ ಊರು.

ಬೇರೆಯವರನ್ನು ಕೇಳುವ ಬಾಯಿ ಬಿದ್ದುಹೋದ ಮೇಲೆ ಅವನು ತನ್ನ ಮನೆಯ ಕಡೆ ತಿರುಗಿದ. ಅಡುಗೆಮನೆಯ ಹಿಂಗೋಡೆಯ ಮುಂದೆ ಬಹಳ ಹೊತ್ತು ನಿಂತ. ನಾಗರತ್ನಮ್ಮನಿಗೆ ಅರ್ಥವಾಯಿತು.

‘ಊರಿನೋರು ಯಾರೂ ಒಂದು ಹಿಡಿ ಕೊಡ್ಲಿಲ್ಲ. ನಂದೊಂದು ಗೋಡೆ ಹಾಕಿದ್ರೆ ಕಟ್ಟೆ ತುಂಬ್ತದಾ?’

‘ತುಂಬಲ್ಲ.’

‘ಮತ್ತೆ?’

‘ನನ್ ಮನೇಲೇ ಇಟ್ಕೊಂಡು ಇನ್ನೊಬ್ರ ಹತ್ರ ಹೆಂಗೆ ಕೇಳ್ಲಿ?’

ಅವಳು ಅತ್ತಳು, ಬೈದಳು, ಒಂದು ದಿನ ಮಾತು ಬಿಟ್ಟಳು. ಮೂಲೆಯ ಜೊಂಡಿನ ವಿಷಯವನ್ನೂ ಎತ್ತಿ ಆಡಿದಳು. ಆ ಮಾತು ಅವನಿಗೆ ಚುಚ್ಚಲಿ ಎಂದೇ ಆಡಿದಳು. ಕೊನೆಗೆ ಗೋಡೆಯ ಮೇಲಿನ ಗೂಡಿನಿಂದ ಉಪ್ಪಿನ ಜಾಡಿ, ದೀಪ ಎಲ್ಲವನ್ನೂ ತಾನೇ ತೆಗೆದು ಪಕ್ಕಕ್ಕಿಟ್ಟಳು. ಅವನು ಗೋಡೆ ಕೆಡವಿ, ಹೆಂಟೆ ಒಡೆದು, ಮಂಕರಿಯಲ್ಲಿ ಹೊತ್ತು ಕಟ್ಟೆಯ ತಳಕ್ಕೆ ಸುರಿದ. ಬಚ್ಚಲ ಪಕ್ಕದ ಗುಡ್ಡೆಯನ್ನೂ ಸುರಿದ. ಜೊಂಡಿದ್ದ ಮೂಲೆಯಲ್ಲೇ ಸುರಿದ.

ಆಮೇಲೆ ಹಟ್ಟಿಗೆ ನಡೆದ. ಹಟ್ಟಿಯ ಸುತ್ತಲಿನ ಮುಳ್ಳುಕಳ್ಳೆಯ ಬೇಲಿಯ ಆಚೆಯೇ ಚಪ್ಪಲಿ ಬಿಟ್ಟು ನಿಂತು, ‘ಯತ್ತಪ್ಪಣ್ಣ’ ಎಂದು ಕರೆದ. ಆ ಅಣ್ಣ ಎಂಬ ಮಾತು ಅವನ ಬಾಯಿಗೆ ಹೊಸದು. ಯತ್ತಪ್ಪ ಕಂಬಳಿ ಕೊಡವಿ ಹಾಸಿ ಕೂರಿಸಿದ, ಮಜ್ಜಿಗೆ ಕೊಡಿಸಿದ, ಎಲ್ಲ ಕೇಳಿಸಿಕೊಂಡ.

‘ಕುರಿ ಆ ದಾರಿ ಮರ್ತವೆ ಸಾವ್ಕಾರ್ರೆ. ಈಗ ಕೆಳಗ್ಲ ಹಳ್ಳಕ್ಕೆ ರೂಢಿ ಆಗ್ಬುಟ್ಟವೆ.’

‘ಒಂದೇ ಒಂದು ದಿನ ತುಳಿಸ್ಕೊಡಪ್ಪ.’

ಯತ್ತಪ್ಪ ಬಂದ. ಯಾಕೆ ಬಂದನೋ, ಬೇಡವೆಂದಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಶಂಕರಲಿಂಗಪ್ಪ ತೋಟದ ಬಾವಿಯಿಂದ ನೀರು ಹೊತ್ತು ತಂದು ಮಣ್ಣು ನೆನೆಸಿದ್ದ. ಕುರಿಗಳು ಒಲ್ಲೆ ಒಲ್ಲೆ ಎನ್ನುತ್ತಲೇ ಇಳಿದು ಅಲ್ಲಲ್ಲೇ ಸುತ್ತಿ ತುಳಿದವು. ಸಂಜೆ ಹೋಗುವಾಗ ಯತ್ತಪ್ಪ ಆ ಮಣ್ಣಿನ ತೇಪೆಯನ್ನೂ ಸುತ್ತಲಿನ ಬಿಳಿಗರಸಿನ ಬಯಲನ್ನೂ ನೋಡಿ, ‘ಇಂತಾ ಮಣ್ಣು ಇನ್ನೂ ಊರಷ್ಟು ಬೇಕಲ್ಲ’ ಎಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಅದು ಹೆಚ್ಚು ನೋಯಿಸಿತು.

ಮುಂದಿನ ಮಳೆಗೆ ಕಟ್ಟೆ ತುಂಬಿ, ಹೋದ ವರ್ಷದಂತೆಯೇ ಬತ್ತಿತು. ಆ ತೇಪೆಯ ಮೇಲೆ ಮಾತ್ರ ನಾಲ್ಕು ಚಾಪೆಯಗಲ ನೀರು ಉಳಿಯಿತು. ಒಂದು ಬೆಳಿಗ್ಗೆ ಅಲ್ಲೊಂದು ನೀರುಕೋಳಿ ಬಂದಿತ್ತು. ಒಂದೇ ಒಂದು. ಶಂಕರಲಿಂಗಪ್ಪ ಅಂಗಡಿ ತೆರೆಯುವುದನ್ನೇ ಮರೆತು ಏರಿಯ ಮೇಲೆ ಕೂತ. ಅದು ನೀರಿನ ಅಂಚಿನಲ್ಲಿ ಸುತ್ತು ಹಾಕಿತು, ಬಾಲ ಕುಣಿಸಿತು, ಅವಿತುಕೊಳ್ಳಲು ಜಾಗ ಹುಡುಕಿತು. ಒಂದು ಎಸಳೂ ಜೊಂಡಿರಲಿಲ್ಲ. ಬೀದಿನಾಯಿಗಳನ್ನು ಅವನು ದಿನವಿಡೀ ಕಲ್ಲು ಹೊಡೆದು ಓಡಿಸಿದ. ಮರುದಿನವೂ ಓಡಿಸಿದ. ಅದರ ಮರುದಿನ ಎದ್ದು ಹೋಗಿ ನೋಡಿದರೆ ನೀರಿನ ಸುತ್ತ ಕಪ್ಪು ಪುಕ್ಕಗಳು ಬಿದ್ದಿದ್ದವು.

ಒಂದೊಂದಾಗಿ ಆರಿಸಿ, ಪಂಚೆಯ ಮಡಿಲಲ್ಲಿ ಬಚ್ಚಿಟ್ಟುಕೊಂಡು, ಹೆಂಡತಿಗೆ ಹೇಳುವುದು ಬೇಡ ಎಂದುಕೊಂಡು ಮನೆಗೆ ಬಂದ. ನಾಗರತ್ನಮ್ಮ ಒಲೆಯ ಮುಂದೆ ಕೂತಿದ್ದಳು. ಅಡುಗೆಮನೆಗೆ ಹಿಂಗೋಡೆ ಇರಲಿಲ್ಲವಲ್ಲ. ಒಲೆಯ ಮುಂದೆ ಕೂತರೆ ಗರಿಯ ತಡಿಕೆಯ ಸಂದಿಯಲ್ಲಿ ಕಟ್ಟೆಯ ತಳದವರೆಗೂ ಕಾಣುತ್ತಿತ್ತು. ಅವಳು ಎಲ್ಲವನ್ನೂ ನೋಡಿದ್ದಳು. ನೀರುಕೋಳಿಯ ಸುದ್ದಿ ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಶಂಕರಲಿಂಗಪ್ಪ ಆಮೇಲೆಯೂ ಹತ್ತು ಹನ್ನೆರಡು ವರ್ಷ ಬದುಕಿದ. ಬದುಕಿದ ಎನ್ನಬೇಕು, ಅಷ್ಟೆ. ಎಂಬತ್ತರ ದಶಕ ಬಂತು. ಬೀದಿಬೀದಿಗೆ ಬೋರ್‌ವೆಲ್ ಕೊರೆದು ಕೈಪಂಪು ನೆಟ್ಟರು. ಬಾವಿಗಳಿಗೆ ಚಪ್ಪಡಿ ಮುಚ್ಚಿದರು. ಹಗ್ಗ ಕೇಳುವವರಿಲ್ಲದೆ ಅಂಗಡಿಯ ಕತ್ತಾಳೆ ಹಗ್ಗಗಳಿಗೆ ಇಲಿಗಳು ಹಲ್ಲು ಹಾಕಿದವು, ಪಾತಾಳಗರಡಿಗೆ ತುಕ್ಕು ಹಿಡಿಯಿತು. ನೀರು ಎಷ್ಟು ಕೆಳಗಿದೆ ಎಂದು ಈಗ ಅವನ ಮುಖ ನೋಡಿ ಯಾರೂ ತಿಳಿಯಬೇಕಾಗಿರಲಿಲ್ಲ. ಗೋಡೆಯನ್ನು ಮತ್ತೆ ಕಟ್ಟಿಸುತ್ತೇನೆ ಎಂದು ಪ್ರತಿ ಬೇಸಿಗೆ ಹೇಳುತ್ತಿದ್ದ. ನಾಗರತ್ನಮ್ಮ ಪ್ರತಿ ಮಳೆಗಾಲ ಹೊಸ ಗರಿ ತರಿಸಿ ತಡಿಕೆ ಕಟ್ಟುತ್ತಿದ್ದಳು. ಪ್ರತಿ ವರ್ಷ ಅವನು ಎಲ್ಲಿಂದಲೋ ಒಂದೆರಡು ಮಂಕರಿ ಜೇಡಿಮಣ್ಣು ತಂದು ಆ ತೇಪೆಯ ಅಂಚಿಗೆ ಸೇರಿಸುತ್ತಿದ್ದ. ಕುರಿಗಳಿಲ್ಲದ್ದರಿಂದ ತಾನೇ ಪಂಚೆ ಎತ್ತಿ ಕಟ್ಟಿ ತುಳಿಯುತ್ತಿದ್ದ. ಆ ಹೊತ್ತಿಗೆ ಜನ ಕಸ ತಂದು ಕಟ್ಟೆಗೆ ಸುರಿಯತೊಡಗಿದ್ದರು. ಅವನು ಕಸದ ನಡುವೆ ನಿಂತು ತುಳಿಯುವುದನ್ನು ನೋಡಿ ಯಾರೂ ನಗುತ್ತಿರಲಿಲ್ಲ. ನಗುವಷ್ಟು ನೆನಪೂ ಊರಿಗೆ ಉಳಿದಿರಲಿಲ್ಲ.

ಅವನು ಎಂಬತ್ತಾರರ ಚಳಿಗಾಲದಲ್ಲಿ ತೀರಿಕೊಂಡ. ಸೊಳ್ಳೆ, ಗಬ್ಬು ಎಂದು ಊರವರೇ ಸಭೆ ಸೇರಿ, ಕಟ್ಟೆಯನ್ನು ಮುಚ್ಚಿ ಜಾಗ ಸಮ ಮಾಡುವುದೆಂದು ತೀರ್ಮಾನಿಸಿದರು. ಒಂದು ಬೆಳಿಗ್ಗೆ ಕಟ್ಟಡ ಒಡೆದ ಕಲ್ಲು ಇಟ್ಟಿಗೆಯ ಚೂರು ತುಂಬಿಕೊಂಡು ಟ್ರ್ಯಾಕ್ಟರ್ ಬಂದು ಏರಿಯ ಮೇಲೆ ನಿಂತಿತು. ಡ್ರೈವರ್ ಪಾವಗಡದ ಕಡೆಯ ಹುಡುಗ, ಊರಿಗೆ ಹೊಸಬ. ಹಿಂಬದಿ ನೋಡಿಕೊಂಡು ಗಾಡಿ ಇಳಿಸುತ್ತಿದ್ದವನು ಗಕ್ಕನೆ ಬ್ರೇಕ್ ಹಾಕಿದ. ಕಟ್ಟೆಯ ಮೂಲೆಯಲ್ಲಿ, ಕೆಸರಿನ ತೇಪೆಯ ಮೇಲೆ, ಬಿಳಿ ಸೀರೆಯ ಮುದುಕಿಯೊಬ್ಬಳು ಮಂಕರಿ ಹಿಡಿದು ನಿಂತಿದ್ದಳು.

‘ಪಕ್ಕಕ್ಕೆ ಬಾ ಅವ್ವಾ, ಲೋಡು ಸುರೀಬೇಕು.’

‘ಇದೊಂದಿಷ್ಟು ತಕ್ಕೊಂಡ್ ಹೋಗ್ತೀನಿ ತಡಿಯಪ್ಪ’ ಎಂದಳು ನಾಗರತ್ನಮ್ಮ. ‘ಇದು ನಮ್ಮನೆ ಗೋಡೆ.’

ಹುಡುಗನಿಗೆ ಏನೂ ತಿಳಿಯಲಿಲ್ಲ. ಏರಿಯ ಮೇಲೆ ನಿಂತಿದ್ದ ಊರವರ ಕಡೆ ನೋಡಿದ. ಅವರಲ್ಲಿ ಕಮಲಾಕ್ಷಮ್ಮನೂ ಇದ್ದಳು. ಯಾರೂ ಕೆಳಗಿಳಿದು ಒಂದು ಕೈ ಕೊಡಲಿಲ್ಲ. ಅವಳು ಬಗ್ಗಿ ಬರಿಗೈಯಲ್ಲಿ ಕೆರೆದು ಒಂದು ಮಂಕರಿ ತುಂಬಿಸಿದಳು. ಎತ್ತಲು ನೋಡಿದಳು, ಆಗಲಿಲ್ಲ. ಅರ್ಧ ಸುರಿದು ಮತ್ತೆ ಎತ್ತಿ, ಸೊಂಟಕ್ಕೆ ಇಟ್ಟುಕೊಂಡು, ಜಾರಿ ಜಾರಿ ಏರಿ ಹತ್ತಿದಳು. ಅವಳು ದಾಟಿದ ಮೇಲೆ ಹುಡುಗ ಟ್ರ್ಯಾಲಿ ಎತ್ತಿ ಲೋಡು ಸುರಿದ.